ಪರಭಾಷೆಯ ಆಯ್ಕೆ

ಉಡುಪಿಯ ಪೂರ್ವಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿರುವ ಮಣಿಪಾಲವು ಒಂದು ಕಾಲಕ್ಕೆ ಮುರಕಲ್ಲಿನ ಬೋಳುಗುಡ್ಡವಾಗಿತ್ತು. ಅಲ್ಲಿರುವ ‘ಮಣ್ಣಪಳ್ಳ’ ಎಂಬ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುವುದುಂಟು. ಡಾ. ಟಿ. ಎಂ. ಎ. ಪೈ ಅವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಎಂಬ ಸಂಸ್ಥೆಯನ್ನು ಕಟ್ಟಿದರು. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಆರಂಭವಾದವು. ಗುಡ್ಡ ವಿದ್ಯಾನಗರವಾಯಿತು. ಇಂದು ಸಂಜೆಯ ಹೊತ್ತು ಅಲ್ಲಿನ ಟೈಗರ್ ಸರ್ಕಲ್ಲಿನ ಬಳಿ ಸ್ವಲ್ಪ ಕಾಲ ನಿಂತರೆ ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ, ಹಿಂದಿ, ಇಂಗ್ಲಿಷ್ ಮಾತುಗಳು ಒಂದರ ಮೇಲೊಂದು ಕಿವಿಗೆ ಬೀಳುತ್ತವೆ. ಹೊರದೇಶಗಳಿಂದ ಓದಲು ಬಂದ ತರುಣರ ಮಾತುಗಳೂ ಅವುಗಳ ನಡುವೆ ಕೇಳಿಸುತ್ತವೆ.

ಈ ಪ್ರದೇಶದ ಮಕ್ಕಳಿಗೆ ಹಲವು ಭಾಷೆಗಳು ಹೊರೆಯೆನಿಸುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನೆರೆಮನೆಯವರೊಡನೆ ಕೊಂಕಣಿ, ಪಾಠದಲ್ಲಿ ಇಂಗ್ಲಿಷ್ ಮತ್ತು ಹಿಂದಿ ಎಂಬಂತೆ ನಾಲ್ಕೈದು ಭಾಷೆಗಳು ಅವರ ಬದುಕಿನಲ್ಲಿ ಸಹಜವಾಗಿಯೇ ಸೇರಿಕೊಂಡಿರುತ್ತವೆ. ಹೀಗಿದ್ದರೂ ಕೆಲವು ಶಾಲೆಗಳಲ್ಲಿ ವಿದ್ಯಾರ್ಥಿಯ ಮುಂದೆ ಒಂದು ದಿನ ಹೊಸ ಪ್ರಶ್ನೆಯೊಂದು ಬಂದು ನಿಲ್ಲುತ್ತದೆ: ಫ್ರೆಂಚ್ ಬೇಕೆ, ಜರ್ಮನ್ ಬೇಕೆ, ಅಥವಾ ನಮ್ಮ ದೇಶದ ಇನ್ನೊಂದು ಭಾಷೆಯೇ ಸಾಕೆ? ಅರ್ಜಿಯ ಹಾಳೆಯಲ್ಲಿ ಒಂದು ಗುರುತು ಹಾಕಲು ಅರೆನಿಮಿಷ ಸಾಕು. ಆದರೆ ಆ ಗುರುತಿನ ಫಲವನ್ನು ವರ್ಷಗಟ್ಟಲೆ ಉಣ್ಣಬೇಕಾಗುತ್ತದೆ. ಆದುದರಿಂದ ಅದನ್ನು ಹೇಗೆ ಆಲೋಚಿಸಿ ಹಾಕಬೇಕೆಂಬುದನ್ನು ತಿಳಿಯುವುದು ಅಗತ್ಯ.

ಇಂಗ್ಲಿಷೂ ಹೊರಗಿನಿಂದ ಬಂದ ಭಾಷೆಯೇ. ಆದರೆ ಅದು ನಮ್ಮ ಆಡಳಿತ, ನ್ಯಾಯಾಲಯ ಹಾಗೂ ಉನ್ನತ ಶಿಕ್ಷಣಗಳಲ್ಲಿ ನೆಲೆಯೂರಿರುವುದರಿಂದ ಶಾಲೆಯ ವ್ಯವಸ್ಥೆಯಲ್ಲಿ ‘ವಿದೇಶೀ ಭಾಷೆ’ ಎಂದರೆ ಸಾಮಾನ್ಯವಾಗಿ ಅದನ್ನು ಬಿಟ್ಟು ಉಳಿದವು ಎಂದೇ ಅರ್ಥ. 1968ರ ರಾಷ್ಟ್ರೀಯ ಶಿಕ್ಷಣ ನೀತಿಯು ತ್ರಿಭಾಷಾ ಸೂತ್ರವನ್ನು ಅಂಗೀಕರಿಸಿತು. 2020ರ ನೀತಿಯು, ವಿದ್ಯಾರ್ಥಿಯು ಕಲಿಯುವ ಮೂರು ಭಾಷೆಗಳಲ್ಲಿ ಕನಿಷ್ಠ ಎರಡಾದರೂ ಭಾರತದ ಭಾಷೆಗಳಾಗಿರಬೇಕೆಂದು ಹೇಳಿತು. ಅದೇ ನೀತಿಯು ಪ್ರೌಢಶಾಲಾ ಹಂತದಲ್ಲಿ ಕಲಿಸಬಹುದಾದ ವಿದೇಶೀ ಭಾಷೆಗಳಿಗೆ ಉದಾಹರಣೆಯಾಗಿ ಕೊರಿಯನ್, ಜಪಾನೀ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್ ಮತ್ತು ರಷ್ಯನ್ ಭಾಷೆಗಳನ್ನು ಹೆಸರಿಸಿತು. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂದು ವಿಧಿಸಿತು. ಈ ನಿಯಮಗಳ ವಿವರಗಳು ಕಾಲಕ್ಕೆ ತಕ್ಕಂತೆ ಬದಲಾಗಬಹುದು. ಆದರೆ ಒಂದು ಸಂಗತಿ ಮಾತ್ರ ಬದಲಾಗದು. ವೇಳಾಪಟ್ಟಿಯಲ್ಲಿ ಸ್ಥಳ ಸೀಮಿತವಾದುದು. ಅಲ್ಲಿ ಒಂದು ಭಾಷೆಗೆ ಎಡೆಕೊಡಬೇಕಾದರೆ ಇನ್ನೊಂದನ್ನು ಬಿಡಬೇಕು. ಹೀಗಾಗಿ ಪರಭಾಷೆಯ ಆಯ್ಕೆಯಲ್ಲಿ ಏನನ್ನು ಪಡೆಯುತ್ತೇವೆ ಎಂಬ ಪ್ರಶ್ನೆಯ ಜೊತೆಗೆ ಏನನ್ನು ಬಿಡುತ್ತೇವೆ ಎಂಬ ಪ್ರಶ್ನೆಯೂ ಅಡಗಿದೆ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮುನ್ನ ನಮ್ಮ ಕರಾವಳಿಯ ಅನುಭವವನ್ನು ಸ್ವಲ್ಪ ನೆನೆಯೋಣ. ದೂರದೇಶದ ಭಾಷೆಗಳು ಈ ತೀರಕ್ಕೆ ಬಂದುದು ಇಂದು ನಿನ್ನೆಯಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರ ಹಸ್ತಪ್ರತಿಯಲ್ಲಿ ಭಾರತದ ಕಡಲತೀರದ ಜನರ ಬಾಯಿಂದ ಬರುವ ಅಪರಿಚಿತ ಮಾತುಗಳಿವೆ. ಅವು ಕನ್ನಡದ ಮಾತುಗಳಿರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಟ್ಷ್ ಅವರು 1904ರಲ್ಲಿ ಸೂಚಿಸಿದರು. ಈ ವಿಷಯದಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ. ಆದರೆ ಹನ್ನೆರಡನೆಯ ಶತಮಾನಕ್ಕೆ ಬಂದರೆ ಸ್ಪಷ್ಟವಾದ ಸಾಕ್ಷ್ಯವೇ ಇದೆ. ಉತ್ತರ ಆಫ್ರಿಕದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದನು. ಅವನ ವ್ಯವಹಾರದ ಕಾಗದಪತ್ರಗಳು ಕೈರೋ ನಗರದ ಯೆಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ ದೊರೆತಿವೆ. ಅವುಗಳ ಭಾಷೆ ಅರಬ್ಬೀ, ಲಿಪಿ ಹೀಬ್ರೂ. ಅವನ ವ್ಯಾಪಾರದ ಕೆಲಸಗಳಿಗಾಗಿ ಕಡಲಾಚೆ ಹೋಗಿಬರುತ್ತಿದ್ದ ಬೊಮ್ಮನೆಂಬ ಸೇವಕನ ಹೆಸರೂ ಅವುಗಳಲ್ಲಿ ಕಾಣಸಿಗುತ್ತದೆ. ಆ ಬೊಮ್ಮನು ಯಾವ ಶಾಲೆಯಲ್ಲಿಯೂ ಪರಭಾಷೆಯ ಪಾಠ ಕೇಳಿರಲಾರನು. ವ್ಯವಹಾರವೇ ಅವನಿಗೆ ಪಾಠಶಾಲೆಯಾಗಿತ್ತು.

ವಾಸ್ಕೋ ಡ ಗಾಮನು 1498ರಲ್ಲಿ ಭಾರತದ ಪಶ್ಚಿಮ ತೀರವನ್ನು ತಲುಪಿದ ಮೇಲೆ ಪೋರ್ಚುಗೀಸರ ಭಾಷೆ ಇಲ್ಲಿಗೆ ಬಂದಿತು. ಅವರ ಕೋಟೆಗಳು ಹಾಳಾದವು, ಅಧಿಕಾರ ಅಳಿಯಿತು. ಆದರೆ ಮಾತುಗಳು ಉಳಿದುಕೊಂಡವು. ಚಾವಿ, ಬಾಲ್ದಿ, ಬಟಾಟೆ, ಅನಾನಸು, ಪಗಾರ, ಪಾದ್ರಿ ಎನ್ನುವಾಗ ನಾವು ನಮಗರಿವಿಲ್ಲದೆಯೇ ಪೋರ್ಚುಗೀಸರ ಮಾತುಗಳನ್ನು ಆಡುತ್ತಿರುತ್ತೇವೆ. ವಕೀಲ, ತಾರೀಖು, ಹಕ್ಕು, ಖಜಾನೆ ಎಂಬ ಮಾತುಗಳು ಅರಬ್ಬೀ ಮೂಲದವು.

1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರೊಡನೆ ಜರ್ಮನ್ ಭಾಷೆಯ ಸಂಪರ್ಕ ಬಂದಿತು. ಧರ್ಮಪ್ರಸಾರವೇ ಅವರ ಉದ್ದೇಶವಾಗಿದ್ದರೂ ಜನರ ಭಾಷೆಯನ್ನು ಕಲಿಯದೆ ಜನರನ್ನು ತಲುಪಲಾಗದೆಂಬುದನ್ನು ಅವರು ಬೇಗನೆ ಮನಗಂಡರು. ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆ. ಮೆನ್ನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ ಪ್ರಕಟವಾಯಿತು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು ಕನ್ನಡವನ್ನು ಕಲಿತು, ಹಳಗನ್ನಡದ ವ್ಯಾಕರಣ ಮತ್ತು ಛಂದಸ್ಸಿನ ಗ್ರಂಥಗಳನ್ನು ಸಂಪಾದಿಸಿ, ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ರಚಿಸಿದರು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಭಾರತಕ್ಕೆ ಬಂದ ದಿನದಿಂದ ನಿಘಂಟು ಹೊರಬರುವವರೆಗೆ ನಾಲ್ವತ್ತೊಂದು ವರ್ಷಗಳು ಕಳೆದಿದ್ದವು. ಒಂದು ಪರಭಾಷೆಯನ್ನು ನಂಬಿ ಹಿಡಿದು ಬಿಡದೆ ದುಡಿದರೆ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನಮಗೆ ಬೇಕಿಲ್ಲ.

ಬೊಮ್ಮನಿಗೆ ವ್ಯಾಪಾರವಿತ್ತು, ಕಿಟ್ಟೆಲರಿಗೆ ಮೊದಲು ಧರ್ಮಕಾರ್ಯವಿತ್ತು, ಅನಂತರ ಶಬ್ದಗಳ ಮೇಲಣ ಪ್ರೀತಿಯೂ ಬೆಳೆಯಿತು. ಕಲಿತವರೆಲ್ಲರಿಗೂ ಒಂದು ಪ್ರಯೋಜನ ಕಣ್ಣೆದುರಿಗಿತ್ತು. ಭಾಷೆಯು ಬರಿದೆ ಕಲಿಯುವುದಕ್ಕಾಗಿ ಇರುವುದಲ್ಲ; ಅದರಲ್ಲಿ ಯಾರೊಡನೆಯೋ ಮಾತನಾಡಬೇಕು, ಏನನ್ನೋ ಓದಬೇಕು, ಯಾವುದೋ ಕೆಲಸವನ್ನು ಮಾಡಬೇಕು. ಆದುದರಿಂದ ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, “ಈ ಭಾಷೆಯಲ್ಲಿ ನಾನು ಏನು ಮಾಡಬೇಕೆಂದಿದ್ದೇನೆ?” ಎಂಬುದು.

ಆದರೆ ಬಹುಮಂದಿ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ. “ಆ ಭಾಷೆಯಲ್ಲಿ ಅಂಕಗಳು ಸುಲಭವಾಗಿ ಸಿಗುತ್ತವೆ” ಎಂಬುದೇ ಎಷ್ಟೋ ವೇಳೆ ಆಯ್ಕೆಗೆ ಕಾರಣವಾಗುತ್ತದೆ. ಹೊಸ ಭಾಷೆಯ ಆರಂಭದ ಪರೀಕ್ಷೆ ಸುಲಭವಾಗಿರುವುದು ನಿಜ. ಏಕೆಂದರೆ ಅಲ್ಲಿ ಕೇಳುವುದು ಆರಂಭದ ಪಾಠಗಳನ್ನು ಮಾತ್ರ. ಅಂಕಪಟ್ಟಿಯಲ್ಲಿ ತೊಂಬತ್ತು ಅಂಕಗಳು ಬಂದು, ಆ ಭಾಷೆಯವನೊಬ್ಬನು ಎದುರಿಗೆ ನಿಂತಾಗ ಒಂದು ಮಾತೂ ಹೊರಡದಿದ್ದರೆ ಆ ಅಂಕಗಳಿಂದ ಬಂದ ಫಲವೇನು? ಗೆಳೆಯರು ತೆಗೆದುಕೊಂಡರೆಂದು ತಾನೂ ತೆಗೆದುಕೊಳ್ಳುವುದು, ನೆಂಟರೊಬ್ಬರ ಮಗನು ಆ ದೇಶದಲ್ಲಿದ್ದಾನೆಂದು ಆರಿಸಿಕೊಳ್ಳುವುದು, ಭಾಷೆಯ ಹೆಸರಿಗೆ ಒಂದು ಘನತೆಯಿದೆಯೆಂದು ಮರುಳಾಗುವುದು, ಇವೂ ದುರ್ಬಲವಾದ ಕಾರಣಗಳೇ.

ಸರಿಯಾದ ಆಯ್ಕೆಗೆ ಭಾಷೆಗಳ ಸ್ವಭಾವದ ಪರಿಚಯವೂ ಸ್ವಲ್ಪ ಇರಬೇಕು. ಯಾವ ಭಾಷೆ ಸುಲಭ, ಯಾವುದು ಕಠಿನ ಎಂದು ಕೇಳುವವರುಂಟು. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆಯು ತನ್ನ ಅಧಿಕಾರಿಗಳಿಗೆ ಭಾಷೆಗಳನ್ನು ಕಲಿಸುತ್ತ ಬಂದ ಅನುಭವದಿಂದ, ಸ್ಪ್ಯಾನಿಷ್ ಭಾಷೆಗೆ ಸುಮಾರು 30 ವಾರಗಳ ಪೂರ್ಣಕಾಲದ ಕಲಿಕೆ ಬೇಕು, ಅರಬ್ಬೀ ಮತ್ತು ಜಪಾನೀ ಭಾಷೆಗಳಿಗೆ 88 ವಾರಗಳು ಬೇಕು ಎಂದು ಅಂದಾಜು ಮಾಡಿತು. ಆದರೆ ಈ ಲೆಕ್ಕವು ಇಂಗ್ಲಿಷನ್ನು ಮಾತೃಭಾಷೆಯಾಗಿ ಉಳ್ಳವರದು. ನಮ್ಮ ಲೆಕ್ಕ ಬೇರೆಯಾಗಿರಲೂಬಹುದು. ಒಂದು ಭಾಷೆಯ ಕಾಠಿನ್ಯವು ಬಹುಮಟ್ಟಿಗೆ ಕಲಿಯುವವನು ಈಗಾಗಲೇ ಬಲ್ಲ ಭಾಷೆಯನ್ನು ಅವಲಂಬಿಸಿದೆ.

ಜಪಾನೀ ಭಾಷೆಯನ್ನೇ ನೋಡಿ. “ವತಾಶಿ ವ ಹೊನ್ ಓ ಯೊಮಿಮಾಸು” ಎಂಬುದು ಒಂದು ಸರಳ ವಾಕ್ಯ. ‘ವತಾಶಿ’ ಎಂದರೆ ನಾನು. ‘ಹೊನ್’ ಎಂದರೆ ಪುಸ್ತಕ. ‘ಓ’ ಎಂಬುದು ನಮ್ಮ ‘ಅನ್ನು’ ಪ್ರತ್ಯಯದ ಕೆಲಸವನ್ನು ಮಾಡುತ್ತದೆ. ‘ಯೊಮಿಮಾಸು’ ಎಂದರೆ ಓದುತ್ತೇನೆ. “ನಾನು ಪುಸ್ತಕವನ್ನು ಓದುತ್ತೇನೆ” ಎಂಬ ನಮ್ಮ ವಾಕ್ಯದ ಕ್ರಮವೇ ಅಲ್ಲಿಯೂ ಇದೆ. ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯವು ನಾಮಪದದ ಹಿಂದೆ ಸೇರುತ್ತದೆ. ಹಿರಿಯರೊಡನೆ ಬೇರೆ, ಗೆಳೆಯರೊಡನೆ ಬೇರೆ ಎಂಬ ಮರ್ಯಾದೆಯ ರೂಪಗಳೂ ಇವೆ. ಆದರೆ ಬರವಣಿಗೆಯಲ್ಲಿ ಕಷ್ಟ ಕಾದಿದೆ. ತಲಾ 46 ಮೂಲಾಕ್ಷರಗಳ ಎರಡು ಲಿಪಿಗಳಲ್ಲದೆ ಚೀನೀ ಮೂಲದ ‘ಕಾಂಜಿ’ ಚಿಹ್ನೆಗಳನ್ನೂ ಕಲಿಯಬೇಕು. ಸಾಮಾನ್ಯ ಬಳಕೆಗೆಂದು ಜಪಾನ್ ಸರಕಾರವು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿಯೇ ಅಂಥ ಚಿಹ್ನೆಗಳು 2,136 ಇವೆ. ಬಾಯಿಮಾತು ಹತ್ತಿರ, ಬರಹ ದೂರ ಎಂಬುದು ಕನ್ನಡಿಗನ ಪಾಲಿಗೆ ಜಪಾನೀ ಭಾಷೆಯ ಸ್ಥಿತಿ.

ಜರ್ಮನ್ ಭಾಷೆಯಲ್ಲಿ ಬರಹವು ಉಚ್ಚಾರಣೆಗೆ ಸಮೀಪವಾಗಿದೆ. ಅದಕ್ಕೆ ನಾಲ್ಕು ವಿಭಕ್ತಿಗಳು. ಕನ್ನಡದ ವಿಭಕ್ತಿಗಳನ್ನು ಅರ್ಥಮಾಡಿಕೊಂಡು ಕಲಿತವನಿಗೆ ಅವು ಗಾಬರಿ ಹುಟ್ಟಿಸವು. ನಮ್ಮಲ್ಲಿರುವಂತೆ ಸಮಾಸಗಳನ್ನು ಕಟ್ಟುವುದರಲ್ಲಿ ಆ ಭಾಷೆಗೆ ಬಲು ಆಸಕ್ತಿ. ‘ಹಾಂಡ್’ ಎಂದರೆ ಕೈ, ‘ಷೂ’ ಎಂದರೆ ಪಾದರಕ್ಷೆ. ‘ಹಾಂಡ್‌ಷೂ’ ಎಂದರೆ ಕೈಗವಸು. ತೊಡಕು ಇರುವುದು ಲಿಂಗದಲ್ಲಿ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಜರ್ಮನ್ ಭಾಷೆಯಲ್ಲಿಯಾದರೋ ಸೂರ್ಯನು ಸ್ತ್ರೀಲಿಂಗ, ಚಂದ್ರನು ಪುಲ್ಲಿಂಗ, ಹುಡುಗಿ ಎಂಬರ್ಥದ ಶಬ್ದ ನಪುಂಸಕಲಿಂಗ! ಪ್ರತಿಯೊಂದು ಶಬ್ದವನ್ನೂ ಅದರ ಲಿಂಗದೊಡನೆಯೇ ನೆನಪಿಡಬೇಕು.

ಫ್ರೆಂಚ್ ಭಾಷೆಗೆ ಎರಡು ಲಿಂಗಗಳು. ಇಂಗ್ಲಿಷ್ ಬಲ್ಲವನಿಗೆ ಅದರ ಶಬ್ದಗಳು ಅನೇಕ ಕಡೆ ಪರಿಚಿತವೆನಿಸುತ್ತವೆ. ಆದರೆ ಬರೆಯುವ ಎಷ್ಟೋ ಅಕ್ಷರಗಳನ್ನು ಉಚ್ಚರಿಸುವುದಿಲ್ಲ. ಪ್ಯಾರಿಸ್ ನಗರದ ಹೆಸರಿನ ಕೊನೆಯ ಸಕಾರವನ್ನೇ ಫ್ರೆಂಚರು ನುಡಿಯರು. ಎಂಬತ್ತು ಎಂಬ ಸಂಖ್ಯೆಯನ್ನು ಅವರು ‘ನಾಲ್ಕು ಇಪ್ಪತ್ತು’ ಎನ್ನುತ್ತಾರೆ. ಕಿವಿಗೆ ಸಾಕಷ್ಟು ಅಭ್ಯಾಸ ಕೊಡದೆ ಪುಸ್ತಕದಿಂದ ಮಾತ್ರವೇ ಫ್ರೆಂಚನ್ನು ಕಲಿಯುವೆನೆಂದರೆ ಆಗುವ ಕೆಲಸವಲ್ಲ.

ಅರಬ್ಬೀ ಭಾಷೆಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳ ಮೂಲದಿಂದ ಅನೇಕ ಶಬ್ದಗಳು ಹುಟ್ಟುತ್ತವೆ. ಕ, ತ, ಬ ಎಂಬ ಮೂಲದಿಂದ ‘ಕಿತಾಬ್’ ಎಂದರೆ ಪುಸ್ತಕ, ‘ಕಾತಿಬ್’ ಎಂದರೆ ಬರೆಯುವವನು, ‘ಮಕ್ತಬಾ’ ಎಂದರೆ ಪುಸ್ತಕಾಲಯ. ಗ್ರಂಥದ ಅರಬ್ಬಿಗೂ ಬೀದಿಯ ಅರಬ್ಬಿಗೂ ಅಂತರವಿದೆ. ಆಡುಮಾತು ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಇನ್ನು ಪ್ರಯೋಜನದ ದೃಷ್ಟಿಯಿಂದ ನೋಡೋಣ. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು ಆರು: ಅರಬ್ಬೀ, ಇಂಗ್ಲಿಷ್, ಚೀನೀ, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಜರ್ಮನ್ ಆಗಲಿ ಜಪಾನೀ ಆಗಲಿ ಈ ಪಟ್ಟಿಯಲ್ಲಿಲ್ಲ. ಆದರೂ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕ್ಷೇತ್ರಗಳಲ್ಲಿ ಆ ಎರಡು ದೇಶಗಳಿಗೆ ಹೋಗುವವರಿಗೆ ಅವುಗಳ ಅಗತ್ಯ ಹೆಚ್ಚು. ಎಲ್ಲರಿಗೂ ಎಲ್ಲ ಕಾಲಕ್ಕೂ ಶ್ರೇಷ್ಠವಾದ ಪರಭಾಷೆ ಎಂಬುದೊಂದಿಲ್ಲ. ಇಂಥವರಿಗೆ, ಇಂಥ ಉದ್ದೇಶಕ್ಕೆ ತಕ್ಕುದು ಎಂಬುದು ಮಾತ್ರ ಉಂಟು.

ಮೂವರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳೋಣ. ಕಾಪುವಿನ ಒಬ್ಬ ಹುಡುಗಿಗೆ ದಾದಿಯಾಗಿ ಜರ್ಮನಿಗೆ ಹೋಗುವ ಆಸೆಯಿದೆ. ಯೂರೋಪಿನ ಪರಿಷತ್ತು 2001ರಲ್ಲಿ ಪ್ರಕಟಿಸಿದ ಅಳತೆಗೋಲಿನಂತೆ ಭಾಷಾಜ್ಞಾನಕ್ಕೆ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮೆಟ್ಟಿಲುಗಳಿವೆ. ಜರ್ಮನಿಯಲ್ಲಿ ದಾದಿಯ ಕೆಲಸಕ್ಕೆ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ನಾಲ್ಕನೆಯ ಮೆಟ್ಟಿಲಾದ ಬಿ2ನ್ನು ಏರಿರಬೇಕು. ಶಾಲೆಯ ಪಾಠವು ಅವಳನ್ನು ಮೊದಲ ಒಂದೆರಡು ಮೆಟ್ಟಿಲುಗಳ ಮೇಲೆ ನಿಲ್ಲಿಸಬಹುದು. ಉಳಿದುದನ್ನು ಮುಂದೆ ತಾನಾಗಿಯೇ ಕಲಿಯಬೇಕಾಗುವುದೆಂದು ತಿಳಿದು ಆಕೆ ಜರ್ಮನನ್ನು ಆರಿಸಿಕೊಂಡರೆ ಅದು ವಿವೇಕದ ಆಯ್ಕೆ. ವಿಜ್ಞಾನದ ಪಾಠಗಳನ್ನು ಕಡೆಗಣಿಸಿದರೆ ಮಾತ್ರ ಎಷ್ಟು ಜರ್ಮನ್ ಬಂದರೂ ಪ್ರಯೋಜನವಿಲ್ಲ.

ಮಲ್ಪೆಯ ಒಬ್ಬ ಹುಡುಗನ ತಂದೆ ಕೊಲ್ಲಿ ದೇಶದಲ್ಲಿ ದುಡಿಯುತ್ತಾರೆ. ಹುಡುಗನು ಮದರಸದಲ್ಲಿ ಅರಬ್ಬೀ ಲಿಪಿಯನ್ನು ಓದಲು ಕಲಿತಿದ್ದಾನೆ; ಆದರೆ ಓದಿದುದರ ಅರ್ಥ ತಾನಾಗಿ ತಿಳಿಯುವುದಿಲ್ಲ, ಮಾತನಾಡಲು ಬರುವುದಿಲ್ಲ. ಇಂಥವನು ಅರಬ್ಬಿಯನ್ನು ವ್ಯಾಕರಣಬದ್ಧವಾಗಿ ಕಲಿಯಹೊರಟರೆ ಲಿಪಿಯ ಕಷ್ಟ ಅವನಿಗೆ ಆಗಲೇ ಕಳೆದಿರುತ್ತದೆ. ತನ್ನಲ್ಲಿರುವ ಈ ಮೂಲಧನವನ್ನು ಮರೆತು, ಅರಬ್ಬಿಗೆ ಹೆಸರಿಲ್ಲವೆಂದು ಬೇರೊಂದನ್ನು ಹಿಡಿದರೆ ಅದು ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಅಲೆದಂತೆ.

ಕಾರ್ಕಳದ ಇನ್ನೊಬ್ಬ ಹುಡುಗಿಗೆ ಜಪಾನಿನ ಚಿತ್ರಕಥೆಗಳೆಂದರೆ ಪ್ರೀತಿ. ಅವುಗಳನ್ನು ಮೂಲದಲ್ಲಿಯೇ ಓದಬೇಕೆಂದು ಅವಳ ಆಸೆ. ಇದರಿಂದ ಉದ್ಯೋಗ ಸಿಗುವುದೇ ಎಂದು ಹಿರಿಯರು ಕೇಳಬಹುದು. ಆದರೆ ಪ್ರೀತಿಯೂ ಒಂದು ಗಟ್ಟಿಯಾದ ಕಾರಣವೇ. ಎರಡು ಸಾವಿರ ಚಿಹ್ನೆಗಳನ್ನು ಬರೆದು ಬರೆದು ಕಲಿಯುವ ತಾಳ್ಮೆಯನ್ನು ಸಂಬಳದ ಆಸೆಗಿಂತಲೂ ಪ್ರೀತಿಯೇ ಹೆಚ್ಚಾಗಿ ಕೊಡುತ್ತದೆ. ಆ ಪ್ರೀತಿ ಮೊದಲ ನೂರು ಚಿಹ್ನೆಗಳನ್ನು ಕಲಿಯುವವರೆಗೂ ಉಳಿದೀತೇ ಎಂಬುದನ್ನು ಮಾತ್ರ ಆಕೆ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಉದ್ದೇಶ ಸ್ಥಿರವಾದ ಮೇಲೆ ಕೇಳಬೇಕಾದ ಎರಡನೆಯ ಪ್ರಶ್ನೆ, “ಕಲಿಸುವವರು ಯಾರು? ಎಲ್ಲಿಯವರೆಗೆ ಕಲಿಸುತ್ತಾರೆ?” ಎಂಬುದು. ಒಳ್ಳೆಯ ಶಿಕ್ಷಕರಿರುವ ಭಾಷೆಯು, ಶಿಕ್ಷಕರು ವರ್ಷವರ್ಷವೂ ಬದಲಾಗುವ ಹೆಸರುವಾಸಿ ಭಾಷೆಗಿಂತ ಮೇಲು. ಕಲಿಕೆ ನಡುವೆ ನಿಂತುಹೋಗುವ ಅಪಾಯವೂ ಉಂಟು. ಕೇಂದ್ರೀಯ ವಿದ್ಯಾಲಯ ಸಂಘಟನೆಯು 2011ರಲ್ಲಿ ಗೊಯಥೆ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಜರ್ಮನ್ ಭಾಷೆಯನ್ನು ತೃತೀಯ ಭಾಷೆಯಾಗಿ ಕಲಿಸತೊಡಗಿತ್ತು. ಈ ಏರ್ಪಾಡು ತ್ರಿಭಾಷಾ ಸೂತ್ರಕ್ಕೆ ಹೊಂದುವುದಿಲ್ಲವೆಂದು 2014ರ ನವೆಂಬರಿನಲ್ಲಿ, ಶೈಕ್ಷಣಿಕ ವರ್ಷದ ನಡುವೆಯೇ, ಜರ್ಮನಿನ ಸ್ಥಾನಕ್ಕೆ ಸಂಸ್ಕೃತವನ್ನು ತರಲು ತೀರ್ಮಾನವಾಯಿತು. ದೇಶದಾದ್ಯಂತ ಸಾವಿರಾರು ಮಕ್ಕಳು ಒಂದು ಭಾಷೆಯನ್ನು ಅರ್ಧಕ್ಕೆ ಬಿಟ್ಟು ಇನ್ನೊಂದನ್ನು ಅರ್ಧದಿಂದ ಹಿಡಿಯಬೇಕಾಯಿತು. ಯಾವ ಪಕ್ಷ ಸರಿಯೆಂಬ ವಾದವನ್ನು ಬದಿಗಿಟ್ಟರೂ ಇದರಿಂದ ಕಲಿಯುವ ಪಾಠ ಸ್ಪಷ್ಟವಾಗಿದೆ. ಭಾಷೆಯನ್ನು ಹಿಡಿಯುವ ಮುನ್ನ ಅದು ಎಷ್ಟು ದೂರದವರೆಗೆ ನಮ್ಮೊಡನೆ ಬರುವುದೆಂಬುದನ್ನು ವಿಚಾರಿಸಿಕೊಳ್ಳಬೇಕು.

ಕಾಲದ ಲೆಕ್ಕವನ್ನೂ ಮಾಡಬೇಕು. ವಾರಕ್ಕೆ ನಾಲ್ವತ್ತು ನಿಮಿಷಗಳ ಮೂರು ಅವಧಿಗಳೆಂದರೆ ಎರಡು ಗಂಟೆ. ವರ್ಷದಲ್ಲಿ 36 ವಾರ ಪಾಠ ನಡೆದರೆ 72 ಗಂಟೆ. ಮೂರು ವರ್ಷಗಳಲ್ಲಿ 216 ಗಂಟೆ. ಇವನ್ನೆಲ್ಲ ಒಟ್ಟುಗೂಡಿಸಿದರೆ ಆಗುವುದು ಒಂಬತ್ತು ಹಗಲು, ಒಂಬತ್ತು ರಾತ್ರಿಗಳಷ್ಟು ಕಾಲ ಮಾತ್ರ! ಮೂರು ವರ್ಷ ಕಲಿತೆವೆಂದು ಹೇಳಿಕೊಳ್ಳುವಾಗ ಈ ಲೆಕ್ಕ ನೆನಪಿರಬೇಕು. ಆದರೆ ದಿನಕ್ಕೆ ಇಪ್ಪತ್ತು ನಿಮಿಷಗಳಂತೆ ಮನೆಯಲ್ಲಿ ಗಟ್ಟಿಯಾಗಿ ಓದಿ, ಕೇಳಿ, ಬರೆದು ಅಭ್ಯಾಸ ಮಾಡಿದರೆ ವರ್ಷಕ್ಕೆ 120 ಗಂಟೆಗಳಿಗೂ ಮೀರಿದ ಕಾಲ ಸಿಗುತ್ತದೆ. ಅದು ತರಗತಿಯ ಕಾಲಕ್ಕಿಂತಲೂ ಹೆಚ್ಚು. ಆ ಇಪ್ಪತ್ತು ನಿಮಿಷಗಳನ್ನು ದಿನಾಲೂ ಕೊಡಲು ಸಿದ್ಧನಿಲ್ಲದವನು ಪರಭಾಷೆಯ ಆಸೆಯನ್ನು ಸದ್ಯಕ್ಕೆ ಬಿಡುವುದೇ ಲೇಸು.

ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿನವಾದುದು: “ಇದಕ್ಕಾಗಿ ನಾನು ಯಾವುದನ್ನು ಬಿಡುತ್ತಿದ್ದೇನೆ?” ಕರಾವಳಿಯ ಕೆಲವು ಶಾಲೆಗಳಿಗೆ 2007ರಲ್ಲಿ ಕೊಂಕಣಿಯೂ 2010ರಲ್ಲಿ ತುಳುವೂ ಐಚ್ಛಿಕ ತೃತೀಯ ಭಾಷೆಗಳಾಗಿ ಪ್ರವೇಶ ಪಡೆದವು. ಮನೆಯ ಮಾತು ಶಾಲೆಯ ಪಾಠವಾಗುವ ಈ ಅವಕಾಶಕ್ಕಾಗಿ ಇಲ್ಲಿನ ಜನರು ಬಹುಕಾಲ ಪ್ರಯತ್ನಿಸಿದ್ದರು. ಅದನ್ನು ಬಿಟ್ಟು, ನಾಳೆ ಮರೆತುಹೋಗುವ ನಾಲ್ಕು ಫ್ರೆಂಚ್ ವಾಕ್ಯಗಳನ್ನು ಪಡೆಯುವುದು ಲಾಭದ ವ್ಯಾಪಾರವೆ? ಕನ್ನಡವನ್ನು ಪರೀಕ್ಷೆಯ ಮಟ್ಟಿಗೆ ಮಾತ್ರ ಕಲಿತು, ಪತ್ರಿಕೆಯನ್ನಾಗಲಿ ಜಮೀನಿನ ಪಹಣಿಯನ್ನಾಗಲಿ ಓದಲಾರದೆ ಬೆಳೆದವನ ಪಾಲಿಗೆ ತನ್ನ ಊರೇ ಪರದೇಶವಾಗುತ್ತದೆ.

ಮಣಿಪಾಲದಂಥ ಊರಿನಲ್ಲಿಯೇ ಇದಕ್ಕೆ ನಿದರ್ಶನವಿದೆ. ಉತ್ತರ ಭಾರತದಿಂದ ವೈದ್ಯಕೀಯ ಓದಲು ಬಂದ ತರುಣನಿಗೆ ಇಲ್ಲಿ ಕಲಿಯಬೇಕಾದ ಹೊಸ ಭಾಷೆ ಕನ್ನಡವೇ. ಹಳ್ಳಿಯಿಂದ ಬಂದ ಅಜ್ಜಿಯೊಬ್ಬಳು ತನ್ನ ಎದೆನೋವನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೇಳುವಳಲ್ಲದೆ ಇಂಗ್ಲಿಷಿನಲ್ಲಿ ಹೇಳಲಾರಳು. ಈ ಕಾರಣದಿಂದಲೇ 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದ ಆರಂಭಿಕ ಶಿಕ್ಷಣದಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಸ್ಥಾನ ದೊರೆಯಿತು. ದೂರದೇಶದ ಭಾಷೆಯನ್ನು ಬಲ್ಲ ವೈದ್ಯನಿಗೆ ಎದುರಿಗಿರುವ ರೋಗಿಯ ಮಾತು ತಿಳಿಯದಿದ್ದರೆ ಅವನ ಭಾಷಾಜ್ಞಾನ ಯಾರ ಉಪಯೋಗಕ್ಕೆ?

ಇಲ್ಲಿಯವರೆಗೆ ಹೇಳಿದುದು ಆಯ್ಕೆಯ ಅವಕಾಶವುಳ್ಳವರ ಮಾತಾಯಿತು. ಈ ಪಾಠವನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ಶಾಲೆಗಳಲ್ಲಿ ಫ್ರೆಂಚ್, ಜರ್ಮನ್ ಪಾಠಗಳು ಇಲ್ಲದಿರಬಹುದು. ನಮ್ಮ ರಾಜ್ಯದ ಹೆಚ್ಚಿನ ಸರಕಾರಿ ಪ್ರೌಢಶಾಲೆಗಳ ಸ್ಥಿತಿ ಅದೇ. ಹಣವುಳ್ಳವರ ಮಕ್ಕಳಿಗೆ ತೆರೆದ ಬಾಗಿಲು ನಮಗೆ ಮುಚ್ಚಿದೆಯೆಂದು ಬೇಸರವಾಗುವುದು ಸಹಜ. ಇದು ಸಮಾಜವು ಸರಿಪಡಿಸಬೇಕಾದ ಕೊರತೆಯೇ ಸರಿ. ಆದರೆ ಪರಭಾಷೆಯ ಕಲಿಕೆಗೆ ಶಾಲೆಯ ವಯಸ್ಸೊಂದೇ ಕಾಲವಲ್ಲ. ಕಾಲೇಜಿನಲ್ಲಿ ಕಲಿಯಬಹುದು; ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ, ಅಲಿಯಾನ್ಸ್ ಫ್ರಾನ್ಸೇಸ್‌ನಂಥ ಸಂಸ್ಥೆಗಳಲ್ಲಿ ಕಲಿಯಬಹುದು; ಇಂದು ದೂರವಾಣಿಯ ಸಣ್ಣ ಪರದೆಯ ಮೇಲೂ ಪಾಠಗಳು ದೊರೆಯುತ್ತವೆ.

ಮಂಜೇಶ್ವರದ ಗೋವಿಂದ ಪೈ ಅವರ ಬಾಳು ಈ ಮಾತಿಗೆ ಸಾಕ್ಷಿ. 1883ರಲ್ಲಿ ಹುಟ್ಟಿದ ಅವರ ಮನೆಮಾತು ಕೊಂಕಣಿ, ಸಾಹಿತ್ಯದ ಭಾಷೆ ಕನ್ನಡ. ತಂದೆಯ ಅನಾರೋಗ್ಯದಿಂದಾಗಿ ಊರಿಗೆ ಮರಳಬೇಕಾಗಿ ಬಂದು ಅವರ ಬಿ.ಎ. ಪದವಿ ಪೂರ್ಣವಾಗಲಿಲ್ಲ. ಆದರೆ ಕಲಿಕೆ ನಿಲ್ಲಲಿಲ್ಲ. ತಮ್ಮ ಊರಿನ ಮನೆಯಲ್ಲಿಯೇ ಕುಳಿತು ಗ್ರೀಕ್, ಲ್ಯಾಟಿನ್ ಮೊದಲಾಗಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪರಿಚಯ ಮಾಡಿಕೊಂಡವರೆಂದು ಅವರು ಪ್ರಸಿದ್ಧರಾದರು. ಜಪಾನಿನ ‘ನೋ’ ನಾಟಕಗಳನ್ನು ಅವರು ಕನ್ನಡಕ್ಕೆ ತಂದರು. 1963ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ಸಂಶೋಧನ ಕೇಂದ್ರವು ಉಡುಪಿಯ ಮಹಾತ್ಮಾಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ನಡೆಯುತ್ತಿದೆ. ಅವರು ಹೊರಗಿನ ಭಾಷೆಗಳಿಂದ ಪಡೆದುದನ್ನೆಲ್ಲ ಕನ್ನಡಕ್ಕೆ ತಂದು ಸುರಿದರೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಶಾಲೆಯಲ್ಲಿ ಪರಭಾಷೆಯ ಪಾಠವಿಲ್ಲದವರು ಅದಕ್ಕೆ ಈಗಿನಿಂದಲೇ ಸಿದ್ಧರಾಗಬಹುದು. ಕರ್ತೃ, ಕರ್ಮ, ಕ್ರಿಯಾಪದ, ವಿಭಕ್ತಿ, ಕಾಲ, ಸಮಾಸ ಎಂಬ ಮಾತುಗಳು ಕೇವಲ ಪರೀಕ್ಷೆಯ ಪ್ರಶ್ನೆಗಳಲ್ಲ. ಯಾವ ಭಾಷೆಯ ಒಳಗೆ ಹೋದರೂ ದಾರಿ ತೋರಿಸುವ ಕೈದೀಪಗಳವು. ಕನ್ನಡದ ವ್ಯಾಕರಣವನ್ನು ಅರ್ಥಮಾಡಿಕೊಂಡು ಕಲಿತವನಿಗೆ ಜರ್ಮನಿನ ವಿಭಕ್ತಿಯಾಗಲಿ ಜಪಾನೀ ಪ್ರತ್ಯಯವಾಗಲಿ ಪೂರ್ತಿ ಅಪರಿಚಿತವಲ್ಲ. ಇಂಗ್ಲಿಷನ್ನು ಚೆನ್ನಾಗಿ ಓದಬಲ್ಲವನಿಗೆ ಪರಭಾಷೆಗಳ ಕೋಶಗಳೂ ಪಾಠಪುಸ್ತಕಗಳೂ ಸುಲಭವಾಗಿ ದೊರೆಯುತ್ತವೆ. ಆದುದರಿಂದ ಇಂದಿನ ಪಾಠಗಳನ್ನು ಶ್ರದ್ಧೆಯಿಂದ ಓದುವವನು ನಾಳಿನ ಪರಭಾಷೆಯನ್ನೂ ಅರ್ಧ ಕಲಿತಂತೆಯೇ.

ಆಯ್ಕೆಯ ಹಾಳೆ ಎಂದಾದರೊಂದು ದಿನ ನಿಮ್ಮ ಕೈಗೆ ಬಂದರೆ ಅವಸರ ಮಾಡಬೇಡಿ. ಏತಕ್ಕಾಗಿ ಈ ಭಾಷೆ, ಯಾರಿಂದ ಎಷ್ಟು ಕಾಲ ಕಲಿಯುವೆ, ಇದಕ್ಕಾಗಿ ಏನನ್ನು ಬಿಡುವೆ ಎಂಬ ಮೂರು ಪ್ರಶ್ನೆಗಳನ್ನು ಒಂದು ಕಾಗದದ ಮೇಲೆ ಬರೆದು, ಅವುಗಳ ಮುಂದೆ ಪ್ರಾಮಾಣಿಕವಾದ ಉತ್ತರಗಳನ್ನು ಬರೆಯಿರಿ. ಅದನ್ನು ಮನೆಯ ಹಿರಿಯರಿಗೂ ಶಾಲೆಯ ಗುರುಗಳಿಗೂ ತೋರಿಸಿರಿ. ಮೂರಕ್ಕೂ ಉತ್ತರ ದೊರೆತ ಭಾಷೆ ಯಾವುದೇ ಆಗಿರಲಿ, ಅದನ್ನು ಧೈರ್ಯವಾಗಿ ಆರಿಸಿಕೊಳ್ಳಿರಿ; ಆರಿಸಿಕೊಂಡ ಮೇಲೆ ನಡುವೆ ಕೈಬಿಡದೆ ಕಲಿಯಿರಿ.